ಐದನೆಯ ಜಾಗದ ಬೂದು ಗೆರೆ

ಮನೆ, ಅಡುಗೆಮನೆಯ ಮೇಜಿನಿಂದ
ಅಕ್ಟೋಬರ್ 12, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯೋ, ಇಲ್ಲ ಮಗಳು ಬಾಣಂತಿ ಎಂದು ಅವಳ ತಟ್ಟೆಯನ್ನಷ್ಟೇ ನೋಡುತ್ತಿದ್ದೀಯೋ? ಪುಟ್ಟಿ ಹಗಲನ್ನು ರಾತ್ರಿ ಮಾಡುವುದನ್ನು ಬಿಟ್ಟಳೇ? ಅಳಿಯನಿಗೆ ಮಗುವನ್ನು ಎತ್ತಿಕೊಳ್ಳುವುದು ರೂಢಿಯಾಯಿತೇ, ಅಥವಾ ಇನ್ನೂ ಗಾಜಿನ ಹೂಜಿ ಹಿಡಿದವನ ಹಾಗೆ ಉಸಿರು ಕಟ್ಟಿ ನಿಲ್ಲುತ್ತಾನೆಯೇ? ಇಲ್ಲಿ ನಾನೂ ನನ್ನವಳೂ ಚೆನ್ನಾಗಿದ್ದೇವೆ. ನನ್ನ ಎಡಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತ್ರ ಮಾತಾಡುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಹೀಗೆ ಯಾಕೆ ಎಂದು ಡಾಕ್ಟರನ್ನು ಕೇಳಿದೆ. ಅದಕ್ಕೆ ಅವರು ಉತ್ತರ ಕೊಟ್ಟರು; ಆ ಉತ್ತರದ ಮೇಲೆ ಇನ್ನೆರಡು ಯಾಕೆ ಕೇಳಿದೆ, ಆಗ ಮುಂದಿನ ರೋಗಿಯನ್ನು ಕರೆದುಬಿಟ್ಟರು. ನೀನು ಚಿಕ್ಕಂದಿನಲ್ಲಿ ನನಗೆ ಇಟ್ಟ ಹೆಸರು ಆ ದವಾಖಾನೆಗೂ ತಲುಪಿರಬೇಕು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಮನೆಗೆಲ್ಲ ಕೇಳುವಂತೆ ಸ್ಪೀಕರಿನಲ್ಲೇ ಇರುತ್ತದೆ. ಅದೂ ಅಲ್ಲದೆ, ನನ್ನ ಮಾತು ಅರ್ಧ ದಾಟುವ ಮೊದಲೇ ನೀನು "ಸರಿ ಸರಿ, ಆಮೇಲೆ" ಎಂದು ಇಟ್ಟುಬಿಡುತ್ತೀಯ. ತಪ್ಪು ಹೇಳುತ್ತಿಲ್ಲ. ಮೂವತ್ತು ವರ್ಷ ಅಗ್ನಿಶಾಮಕ ಠಾಣೆಯಲ್ಲಿ ಕೂತು ಫೋನು ಎತ್ತಿದವಳು ನೀನು. ಎಲ್ಲಿ ಬೆಂಕಿ, ಯಾವ ಬೀದಿ, ಎಷ್ಟನೇ ಮಹಡಿ, ಇಷ್ಟು ಗೊತ್ತಾದರೆ ಮುಂದಿನ ಮಾತು ನಿನಗೆ ಬೇಕಿರಲಿಲ್ಲ. ನಾನು ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವುದಲ್ಲ. ಆದ್ದರಿಂದ ಕಾಗದ. ಓದುತ್ತಾ ಸಿಟ್ಟು ಬಂದರೆ ಮಡಚಿಟ್ಟು, ಪುಟ್ಟಿಯ ಮುಖ ನೋಡಿ ಬಂದು ಮುಂದುವರಿಸು.

ವಿಷಯ ನಿನ್ನ ಟ್ರೊಂಬೋನಿನದು. ನೀನು ಹೊರಟ ದಿನ ಬಸ್ಸಿನ ಕಿಟಕಿಯಿಂದ ಹೇಳಿದ್ದು ನೆನಪಿದೆಯಲ್ಲ? "ಪೆಟ್ಟಿಗೆ ನನ್ನ ಮಂಚದ ಕೆಳಗಿದೆ. ತೊಳೆದು ಒರೆಸಿ ಬ್ಯಾಂಡ್ ಮಾಸ್ಟರಿಗೆ ಕೊಟ್ಟುಬಿಡು. ನಾನಿನ್ನು ಊದಲ್ಲ." ನಾನು ಯಾಕಕ್ಕಾ ಎಂದೆ. "ಮೊಮ್ಮಗು ನೋಡ್ಕೋಬೇಡ್ವಾ?" ಎಂದೆ ನೀನು. ಬಸ್ಸು ಹೊರಟಿತು. ಠಾಣೆಯ ಬ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಊದಿದವಳು ಅದನ್ನು ಹಳೆ ಸೈಕಲ್ ಕೊಡುವ ಹಾಗೆ ಕೊಟ್ಟುಬಿಡು ಎಂದದ್ದು ನನಗೆ ವಿಚಿತ್ರವೆನಿಸಿತು. ಆದರೂ ಮೊಮ್ಮಗಳು ಹುಟ್ಟಿದಾಗ ಮನುಷ್ಯರು ಏನು ಬೇಕಾದರೂ ಬಿಡುತ್ತಾರೆ ಎಂದುಕೊಂಡು ಸುಮ್ಮನಾದೆ. ಏಳು ವಾರ ಕಳೆಯಿತು. ಅಷ್ಟರಲ್ಲಿ ಬ್ಯಾಂಡ್ ಮಾಸ್ಟರು ಎರಡು ಸಲ ಫೋನು ಮಾಡಿ, "ಟ್ರೊಂಬೋನ್ ಯಾವಾಗ ಬರುತ್ತೆ?" ಎಂದು ಕೇಳಿದರು. ಕೊನೆಗೆ ಎರಡು ವಾರದ ಹಿಂದೆ, ಶನಿವಾರ ಮಧ್ಯಾಹ್ನ, ಪೆಟ್ಟಿಗೆ ಹೊರಗೆಳೆದೆ.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ, ನೋಡು. ಮುಚ್ಚಳ ತೆಗೆದಾಗ ಹಳೆ ನಾಣ್ಯದ್ದೂ ಒದ್ದೆ ಬಟ್ಟೆಯದ್ದೂ ಸೇರಿದಂಥ ವಾಸನೆ. ಒಳಗೆ ನೀರು ಚಿಮುಕಿಸುವ ಪುಟ್ಟ ಬಾಟಲಿ, ಕ್ರೀಮಿನ ಚಪ್ಪಟೆ ಡಬ್ಬಿ, ನನ್ನದೇ ಒಂದು ಹಳೆ ಬನಿಯನ್ನಿನ ತುಂಡು. (ಅದು ಕಳೆದುಹೋಯಿತೆಂದು ನಾನು ಒಗೆಯುವವರ ಜೊತೆ ಜಗಳ ಆಡಿದ್ದೆ. ಇರಲಿ.) ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ಸಹಿಸಿಕೋ, ಮೊದಲ ಸಲ ನೋಡಿದವನಿಗೆ ಸುಮ್ಮನಿರಲು ಆಗುವುದಿಲ್ಲ. ಬೇರೆ ವಾದ್ಯಗಳಿಗೆ ಗುಂಡಿಗಳಿವೆ, ತೂತುಗಳಿವೆ. ಇದಕ್ಕೆ ಒಂದೂ ಇಲ್ಲ. ಎರಡು ಉದ್ದ ಒಳಕೊಳವೆ, ಅವುಗಳ ಮೇಲೆ ಹಿಂದೆ ಮುಂದೆ ಜಾರುವ ಹೊರಕೊಳವೆ, ಅಷ್ಟೇ. ಆ ಜಾರುವ ಭಾಗಕ್ಕೆ ನೀನು ಸ್ಲೈಡ್ ಎನ್ನುತ್ತಿದ್ದೆ. ಅದನ್ನು ಏಳು ಜಾಗದಲ್ಲಿ ನಿಲ್ಲಿಸಿ ಏಳು ಥರದ ಸ್ವರ ತೆಗೆಯಬೇಕು, ಆದರೆ ಆ ಏಳು ಜಾಗಕ್ಕೆ ಎಲ್ಲೂ ಗುರುತು ಹಾಕಿಲ್ಲ! ಹೊರಕೊಳವೆಯ ಮೇಲೆಲ್ಲ ಭೂತಗನ್ನಡಿ ಹಿಡಿದು ಹುಡುಕಿದೆ. ಗೆರೆಯಿಲ್ಲ, ಚುಕ್ಕಿಯಿಲ್ಲ. ಪ್ರತಿ ಮಹಡಿಯಲ್ಲೂ ಎಲ್ಲಿ ನಿಲ್ಲಬೇಕೆಂದು ಲಿಫ್ಟಿಗೆ ಹೇಳುವ ಸ್ವಿಚ್ಚುಗಳನ್ನು ಮೂವತ್ತಮೂರು ವರ್ಷ ಕೂರಿಸಿದವನು ನಾನು. ನನ್ನ ಅಕ್ಕ ಬರೀ ಕಿವಿ ನಂಬಿ, ತೋಳಿನ ಅಳತೆ ನಂಬಿ ಅಷ್ಟು ವರ್ಷ ಸರಿಯಾಗಿ ನಿಲ್ಲಿಸಿದ್ದಾಳೆಂದು ತಿಳಿದಾಗ, ನಿಜ ಹೇಳುತ್ತೇನೆ, ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಸ್ಲೈಡ್ ಎಳೆದೆ. ಬರಲಿಲ್ಲ. ಸ್ವಲ್ಪ ಬಂತು, ಅಲ್ಲೇ ಕಚ್ಚಿಕೊಂಡಿತು. ಜಾರುವ ವಸ್ತು ಜಾರದಿದ್ದರೆ ನನ್ನ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಂದು ನಿನಗೆ ಗೊತ್ತು. ಸಾಮಾನಿನ ಚೀಲದಿಂದ ಲಿಫ್ಟಿನ ಹಳಿಗೆ ಹಾಕುವ ಎಣ್ಣೆ ತೆಗೆದು, ಎರಡೂ ಕೊಳವೆಗೆ ಧಾರಾಳವಾಗಿ ಸುರಿದೆ. ದೇವರಾಣೆ ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಐದು ನಿಮಿಷದಲ್ಲಿ ಸ್ಲೈಡು ಜೇನಿನಲ್ಲಿ ಬಿದ್ದ ಇರುವೆಯ ಹಾಗೆ ಆಯಿತು. ಹೋಗುತ್ತದೆ, ಆದರೆ ಯಾವಾಗ ತಲುಪುತ್ತದೋ ಅದಕ್ಕೇ ಗೊತ್ತಿಲ್ಲ. ಇವಳು ಅಡುಗೆಮನೆಯಿಂದ ಬಂದು ನೋಡಿ, "ಲಿಫ್ಟಿಗೆ ಹಾಕೋದನ್ನ ಬಾಯಿಗೆ ಇಟ್ಕೊಳ್ಳೋ ವಸ್ತುಗೆ ಹಾಕ್ತಾರಾ ಯಾರಾದ್ರೂ? ಅಕ್ಕ ಬರಲಿ, ನಿಮ್ಮ ಗ್ರಹಚಾರ ಬಿಡಿಸ್ತಾರೆ" ಎಂದಳು. ನನಗೆ ಬೆವರು ಬಂತು. ಇದನ್ನು ನಾನು ಮೊದಲು ಒಪ್ಪಿಕೊಳ್ಳಬೇಕಿತ್ತು, ಇಷ್ಟು ದೂರ ತಂದು ಒಪ್ಪಿಕೊಳ್ಳುತ್ತಿದ್ದೇನೆ. ಕ್ಷಮಿಸು. ಈಗ ಅದಕ್ಕೆ ಏನೂ ಆಗಿಲ್ಲ, ಗಾಬರಿಯಾಗಬೇಡ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಹೊತ್ತುಕೊಂಡು ಸೈಕಲ್ ಅಂಗಡಿಯ ಹಿಂದಿನ ಓಣಿಗೆ ಹೋದೆ. ಅಲ್ಲಿ ಊದುವ ವಾದ್ಯ ರಿಪೇರಿ ಮಾಡುವ ಆ ಗಟ್ಟಿಗಿತ್ತಿ ಹೆಂಗಸು ನಿನಗೆ ಪರಿಚಯದವರೇ. ಒಬ್ಬರು ಕಾಲು ಚಾಚಲೂ ಆಗದ ಅಂಗಡಿ. ತಲೆಯ ಮೇಲೆ ತೂಗು ಹಾಕಿದ ಕಹಳೆಗಳು, ಗೋಡೆ ತುಂಬ ಸುತ್ತಿಗೆಗಳು, ಒಂದಕ್ಕಿಂತ ಒಂದು ಸಣ್ಣವು. ಅವರು ಸ್ಲೈಡನ್ನು ಮೂಗಿನ ಹತ್ತಿರ ಹಿಡಿದರು. "ಏನ್ರೀ ಹಾಕಿದ್ದೀರಿ ಇದಕ್ಕೆ?" ಹಳಿ ಎಣ್ಣೆ ಎಂದೆ. "ಇದರ ಮೇಲೆ ರೈಲು ಬಿಡ್ತೀರಾ?" ಎಂದರು. ನಾನು ಯಾರ ತಮ್ಮ ಎಂದು ಹೇಳಿದ ಮೇಲೆ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಒಂದು ಮೋಡ ಸರಿದ ಹಾಗೆ ಮೆತ್ತಗಾದರು. ತೊಳೆದು ಕೊಡಿ ಎಂದರೆ ಒಪ್ಪಲಿಲ್ಲ. "ಹಾಳು ಮಾಡಿದ ಕೈಯೇ ಸರಿ ಮಾಡ್ಲಿ. ನಾನು ಹೇಳ್ತೀನಿ, ನೀವು ಮಾಡಿ. ಆದ್ರೆ ನಿಮ್ಮ ಬಗ್ಗೆ ನಿಮ್ಮ ಅಕ್ಕ ಹೇಳಿದ್ದಾರೆ. ಮೂರೇ ಪ್ರಶ್ನೆ. ಆಮೇಲೆ ಬಾಯಿ ಮುಚ್ಕೊಂಡು ಕೆಲಸ."

ಮೂರು! ನನ್ನ ಪರಿಸ್ಥಿತಿ ಯೋಚಿಸಿ ನೋಡು. ಅವರ ಬಾಗಿದ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿಸಿದರು, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ. ಬಿಸಿನೀರು ಯಾಕೆ ಬೇಡ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೊರಗಿನ ಮೆರುಗು ಏಳುತ್ತದೆಂದು ಅವರೇ ಆಮೇಲೆ ಹೇಳಿದರು, ಒಂದು ಪ್ರಶ್ನೆ ಉಳಿಯಿತು. ಹಾವಿನಂತೆ ಬಳುಕುವ ಉದ್ದ ಬ್ರಷ್ಷು ಕೊಳವೆಯೊಳಗೆ ಬಿಟ್ಟು ಉಜ್ಜಿದೆ. ಕಪ್ಪುನೀರು ಬಂತು, ಆಮೇಲೆ ಬೂದುನೀರು, ಮೂರನೇ ಸಲಕ್ಕೆ ತಿಳಿನೀರು. ಒಳಗೆ ಒರೆಸಲು ಉದ್ದ ಸರಳಿಗೆ ತೆಳು ಬಟ್ಟೆ ಸುತ್ತಬೇಕು, ಲೋಹ ಎಲ್ಲೂ ಕೊಳವೆಗೆ ತಾಗದ ಹಾಗೆ ತುದಿಯೂ ಮುಚ್ಚಬೇಕು. ನಾನು ಆತುರದಲ್ಲಿ ಸ್ಲೈಡಿನ ಎರಡು ಕೊಳವೆಗಳಲ್ಲಿ (ಅವರು ಅವನ್ನು ಕಾಲು ಎನ್ನುತ್ತಾರೆ) ಒಂದು ಕಾಲನ್ನು ಹಿಡಿದು ಇನ್ನೊಂದು ಕಾಲಿನೊಳಗೆ ಸರಳು ಹಾಕಿದ್ದೆ. ಅವರು ಕೈ ಮೇಲೆ ಪಟ್ಟೆಂದು ಹೊಡೆದರು, ಮೇಷ್ಟರ ಹಾಗೆ. "ಯಾವ ಕಾಲು ಒರೆಸ್ತೀರೋ ಅದೇ ಕಾಲು ಹಿಡೀರಿ. ಇಲ್ಲಾಂದ್ರೆ ಎರಡೂ ಸೊಟ್ಟ ಆಗುತ್ತೆ. ಕೂದಲೆಳೆಯಷ್ಟು ಸೊಟ್ಟ ಆದ್ರೆ ಸಾಕು, ಜನ್ಮಕ್ಕೂ ಜಾರಲ್ಲ." ಐವತ್ತೇಳನೇ ವಯಸ್ಸಿನಲ್ಲಿ ಏಟು ತಿಂದು ಕಲಿತದ್ದು ನಾನೊಬ್ಬನೇ ಇರಬೇಕು, ಆದರೆ ಏಟು ತಿಂದದ್ದಕ್ಕೆ ಖುಷಿಯಾಯಿತು.

ಮೊದಲ ಪ್ರಶ್ನೆ ನಾನು ಖರ್ಚು ಮಾಡಿದ್ದು ಕೊಳವೆಗಳ ತುದಿಯ ಮೇಲೆ. ಒಳಕೊಳವೆಗಳು ಕೊನೆಯ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಇಷ್ಟೇ ಇಷ್ಟು ದಪ್ಪವಾಗಿವೆ. ಯಾಕೆ? "ಅದಕ್ಕೆ ಕಾಲುಚೀಲ ಅಂತೀವಿ. ಅದೊಂದೇ ಹೊರಕೊಳವೆಗೆ ತಾಗೋದು. ಉಳಿದಿದ್ದೆಲ್ಲ ಗಾಳಿಯಲ್ಲಿ ತೇಲ್ತಾ ಇರುತ್ತೆ." ಇಡೀ ಉದ್ದ ಉಜ್ಜಿಕೊಂಡು ಹೋಗದ ಹಾಗೆ ತುದಿಯಲ್ಲಿ ಮಾತ್ರ ಪಾದ ಕೊಟ್ಟಿದ್ದಾರೆ! ಯಾರಿಗೆ ಮೊದಲು ಹೊಳೆಯಿತೋ ಅವರ ಕೈ ಕುಲುಕಬೇಕು. ಎರಡನೆಯದು ನೀರಿನ ಬಗ್ಗೆ. ಆ ಕಾಲುಚೀಲಗಳ ಮೇಲೆ ಸಾಸಿವೆ ಕಾಳಿನಷ್ಟು ಕ್ರೀಮು ಸವರಿ, ಸ್ಲೈಡನ್ನು ನಾಲ್ಕು ಸಲ ಆಡಿಸಿ, ಮಿಕ್ಕದ್ದನ್ನು ಒರೆಸಿ, ಮೇಲೆ ನೀರು ಚಿಮುಕಿಸು ಎಂದರು. ಲೋಹಕ್ಕೆ ನೀರು ಹಾಕಬೇಡಿ ಎಂದು ಜೀವನವಿಡೀ ಕೂಗಿದವನಿಗೆ ನೀರು ಹಾಕು ಎಂದರೆ? "ಕ್ರೀಮಿನ ಮೇಲೆ ನೀರು ಹರಡಲ್ಲ. ಮಣಿ ಮಣಿಯಾಗಿ ನಿಲ್ಲುತ್ತೆ. ಸ್ಲೈಡು ಆ ಮಣಿಗಳ ಮೇಲೆ ಉರುಳುತ್ತೆ." ಅಂದರೆ ಬಾಲ್ ಬೇರಿಂಗು, ಅಕ್ಕಾ! ನೀರಿನ ಬೇರಿಂಗು! ನಾನು ಜೋರಾಗಿ ಕೂಗಿರಬೇಕು, ಸೈಕಲ್ ಅಂಗಡಿಯವನು ಓಣಿಗೆ ಇಣುಕಿ ನೋಡಿದ. ನೀನು ಬ್ಯಾಂಡಿನ ನಡುವೆ ಬಾಟಲಿ ತೆಗೆದು ಚಿಸ್ ಚಿಸ್ ಎನಿಸುವಾಗ ಸೆಖೆಗೆ ಮಾಡಿಕೊಳ್ಳುತ್ತೀಯ ಎಂದು ನಾನು ಇಪ್ಪತ್ತು ವರ್ಷ ನಂಬಿದ್ದೆ.

ಮೂರನೆಯ ಪ್ರಶ್ನೆಗೆ ಬಂದೆ, ಇನ್ನು ಸ್ವಲ್ಪ ನಿಧಾನ ಓದು. ತೊಳೆಯುವ ಮೊದಲೇ ಅವರು ಒಂದು ಮಾತು ಹೇಳಿದ್ದರು: "ಈಗ ಒಂದ್ಸಲ ಚೆನ್ನಾಗಿ ನೋಡ್ಕೊಳ್ಳಿ. ತೊಳೆದ ಮೇಲೆ ಏನೂ ಕಾಣಲ್ಲ." ನೋಡಿದೆ. ಒಳಕೊಳವೆಗಳ ಮೇಲೆ, ಎರಡರಲ್ಲೂ ಒಂದೇ ಎತ್ತರದಲ್ಲಿ, ಬೂದು ಬಣ್ಣದ ಗೆರೆ ಉಂಗುರದ ಹಾಗೆ ಗಟ್ಟಿಯಾಗಿ ಕೂತಿತ್ತು. ಒಣಗಿದ ಕ್ರೀಮು, ಧೂಳು. ನನ್ನ ಎಣ್ಣೆಗೂ ಅದು ಬಗ್ಗಿರಲಿಲ್ಲ. ಆ ಗೆರೆಯಿಂದ ಮೇಲಕ್ಕೆ, ಬಾಯಿಯ ಕಡೆಗೆ, ಕೊಳವೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಳಕ್ಕೆ ಮಂಕು, ಒಣಕಲು. ಟೇಪು ತೆಗೆದು ಅಳೆದೆ. ಹತ್ತಿರ ಹತ್ತಿರ ಒಂದೂವರೆ ಗೇಣು. ಇದು ಯಾಕೆ ಹೀಗೆ ಎಂದು ಕೇಳಿದೆ. ಅವರು ಬಟ್ಟೆ ಹಿಂಡುತ್ತಾ, "ಸ್ಲೈಡಿನ ಐದನೇ ಜಾಗ ಅದು. ಯಾಕೆ ಅನ್ನೋದು ನನ್ನನ್ನ ಕೇಳ್ಬೇಡಿ. ಊದೋರನ್ನ ಕೇಳಿ" ಎಂದರು. ಅಷ್ಟೇ. ಮೂರನೆಯದು ಹೀಗೆ ವ್ಯರ್ಥವಾಯಿತು.

ವ್ಯರ್ಥವಾಗಲಿಲ್ಲ ನಿಜವಾಗಿ. ಮನೆಗೆ ನಡೆದು ಬರುವಾಗ ನನಗೆ ಹಳೆಯದೊಂದು ಕೆಲಸ ನೆನಪಾಯಿತು. ಒಂಬತ್ತು ಮಹಡಿಯ ಒಂದು ಕಟ್ಟಡ. ಎಲ್ಲ ಮಹಡಿಯೂ ತುಂಬಿದೆ, ಲಿಫ್ಟು ಇಡೀ ದಿನ ಮೇಲೆ ಕೆಳಗೆ ಓಡುತ್ತದೆ ಎಂದು ಅಲ್ಲಿನ ಮೇಲ್ವಿಚಾರಕ ಹೇಳಿದ್ದ. ನಾನು ಲಿಫ್ಟಿನ ತಲೆಯ ಮೇಲೆ ನಿಂತು ಹಳಿ ನೋಡಿದರೆ, ಆರನೇ ಮಹಡಿಯವರೆಗೆ ಮಿರಿಮಿರಿ, ಅಲ್ಲಿ ಒಂದು ಕಪ್ಪು ಗುಡ್ಡೆ, ಅದರಾಚೆ ಬರೀ ಧೂಳು. ಲಿಫ್ಟು ತನ್ನ ಮುಂದಿನ ಗ್ರೀಸನ್ನು ತಳ್ಳಿಕೊಂಡು ಹೋಗಿ, ಎಲ್ಲಿಂದ ತಿರುಗುತ್ತದೋ ಅಲ್ಲಿ ಬಿಟ್ಟು ಬರುತ್ತದೆ. ಮೇಲಿನ ಮೂರು ಮಹಡಿ ಎರಡು ವರ್ಷದಿಂದ ಖಾಲಿ ಎಂದು ಆಮೇಲೆ ಅವನೇ ಒಪ್ಪಿಕೊಂಡ. ಹಳಿ ಸುಳ್ಳು ಹೇಳುವುದಿಲ್ಲ, ಅಕ್ಕಾ. ರಸ್ತೆಯ ತಿರುವಿನಲ್ಲಿ ನಾನು ಪೆಟ್ಟಿಗೆ ಹಿಡಿದು ನಿಂತುಬಿಟ್ಟೆ. ಒಬ್ಬ ಮುದುಕ ಬಂದು ದಾರಿ ತಪ್ಪಿತೇ ಎಂದು ಕೇಳಿದ.

ಆರನೆಯ ಜಾಗಕ್ಕೂ ಏಳನೆಯದಕ್ಕೂ ನಿನ್ನ ಕೈ ಹೋಗಿಯೇ ಇಲ್ಲ. ಎಷ್ಟು ಕಾಲದಿಂದ? ಮನೆಗೆ ಬಂದು ನಿನ್ನ ಕೋಣೆಯ ಕನ್ನಡಿಯ ಮುಂದೆ ನಿಂತು, ಟ್ರೊಂಬೋನನ್ನು ನಿನ್ನ ಹಾಗೆ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಸ್ಲೈಡನ್ನು ತುದಿಯವರೆಗೆ ತಳ್ಳಿ ನೋಡಿದೆ. ಐದರವರೆಗೆ ಮೊಣಕೈ ಸಾಕು. ಆರಕ್ಕೆ ತೋಳು ಪೂರ್ತಿ ನೆಟ್ಟಗಾಗಬೇಕು. ಏಳಕ್ಕೆ ಕೈಯಲ್ಲ, ಭುಜವೇ ಎದ್ದು ಮುಂದೆ ಹೋಗಬೇಕು. ನಾನು ಅಲ್ಲೇ ನಿಂತು ಕೋಣೆಯ ಸುತ್ತ ನೋಡಿದೆ. ಕಪಾಟಿನ ಮೇಲಿನ ಎರಡೂ ಅರೆಗಳು ಖಾಲಿ, ಎಲ್ಲ ಡಬ್ಬಿ ಸೊಂಟದ ಎತ್ತರಕ್ಕೆ ಇಳಿದಿವೆ. ಹಿತ್ತಲಲ್ಲಿ ನೀನು ಮೇಲಿನ ತಂತಿ ಬಿಟ್ಟು ಗೇಟಿನ ಮೇಲೆ ಬಟ್ಟೆ ಹರವುತ್ತಿದ್ದೆ. ಹೋದ ವರ್ಷ ಒಂದು ದಿನ ಇದ್ದಕ್ಕಿದ್ದ ಹಾಗೆ ಕೂದಲು ಕತ್ತರಿಸಿಕೊಂಡು ಬಂದೆ. "ಸೆಖೆ ಕಣೋ" ಎಂದೆ. ಡಬ್ಬಿ ಯಾಕೆ ಕೆಳಗೆ ಎಂದು ನಾನು ಕೇಳಿದ್ದೆ, ನೆನಪಿದೆ. "ಕೈಗೆ ಸಿಗಲಿ ಅಂತ" ಎಂದೆ. ಮೇಲಿದ್ದರೆ ಯಾಕೆ ಕೈಗೆ ಸಿಗುವುದಿಲ್ಲ ಎಂದು ನಾನು ಕೇಳಬೇಕಿತ್ತು. ಒಂದು ಸ್ಕ್ರೂ ಸಡಿಲವಾದರೆ ಅದಕ್ಕೆ ನೂರು ಯಾಕೆ ಕೇಳುವವನು, ನಿನಗೆ ಎರಡನೆಯ ಯಾಕೆ ಕೇಳಲಿಲ್ಲ. ಬಸ್ಸಿನ ಕಿಟಕಿಯಿಂದ ನೀನು ಬೀಸಿದ್ದೂ ಎಡಗೈಯನ್ನೇ. ಆಗ ಏನೂ ಅನ್ನಿಸಲಿಲ್ಲ ನನಗೆ.

ನಾನು ಯಾರಿಗೂ ಹೇಳಿಲ್ಲ. ಇವಳಿಗೆ ಹೇಳಿದ್ದೇನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಅವಳು, "ಸೀರೆ ನೆರಿಗೆ ಸರಿ ಮಾಡು ಅಂತ ನನ್ನನ್ನ ಕರೀತಿದ್ರು. ನಾನು ಪ್ರೀತಿಗೆ ಕರೀತಾರೆ ಅಂದ್ಕೊಂಡಿದ್ದೆ" ಎಂದಳು. ಪ್ರೀತಿಯೂ ಇತ್ತು ಎಂದು ನಾನು ಹೇಳಿದೆ. ನೀನು ಯಾಕೆ ಮುಚ್ಚಿಟ್ಟೆ ಎಂಬುದು ನನಗೆ ಪೂರ್ತಿ ಅರ್ಥವಾಗುವುದಿಲ್ಲ, ಆದರೆ ಊಹಿಸಬಲ್ಲೆ. ನಾನು ನಿವೃತ್ತನಾಗುವ ಹಿಂದಿನ ವರ್ಷ ಏಣಿ ಹತ್ತುವಾಗ ತಲೆ ಸುತ್ತುತ್ತಿತ್ತು. ಜೊತೆಗಾರರಿಗೆ ಗೊತ್ತಾಗಬಾರದೆಂದು ಪ್ರತಿ ಮೆಟ್ಟಿಲಿಗೂ ನಿಂತು ಶಿಳ್ಳೆ ಹಾಕುತ್ತಿದ್ದೆ. ಬಿದ್ದು ಹೋದವ ಎನ್ನಿಸಿಕೊಳ್ಳುವುದಕ್ಕಿಂತ ಬಿಟ್ಟು ಹೋದವ ಎನ್ನಿಸಿಕೊಳ್ಳುವುದು ಮೇಲು ಎಂದು ಅನ್ನಿಸುತ್ತದೆ. ಮೊಮ್ಮಗಳು ಹುಟ್ಟಿದ್ದು ನಿನಗೆ ಬಿಡಲು ಒಳ್ಳೆಯ ನೆಪವಾಯಿತು. ತಪ್ಪಿದ್ದರೆ ಬೈದು ಬರೆ.

ಗುರುವಾರ ಮತ್ತೆ ಆ ಅಂಗಡಿಗೆ ಹೋದೆ. ಹೊಸದಾಗಿ ಒಂದು ಪ್ರಶ್ನೆ ಸಾಲ ಕೊಡಿ ಎಂದೆ. ಭುಜ ಮುಂದೆ ಹೋಗದವರು ಇದನ್ನು ಊದಲು ಬೇರೆ ದಾರಿ ಇದೆಯೇ? ಅವರು ಒಳಗಿನಿಂದ ಇನ್ನೊಂದು ಟ್ರೊಂಬೋನ್ ತಂದು ಬೆಂಚಿನ ಮೇಲಿಟ್ಟರು. ಅದರ ಹಿಂಭಾಗದಲ್ಲಿ ಸುರುಳಿ ಸುತ್ತಿದ ಹೆಚ್ಚುವರಿ ಕೊಳವೆ, ಎಡಗೈಯ ಹೆಬ್ಬೆರಳಿಗೆ ಒಂದು ಪುಟ್ಟ ಸನ್ನೆಕೋಲು. ಅದನ್ನು ಒತ್ತಿದರೆ ಉಸಿರು ಆ ಸುರುಳಿಯನ್ನೂ ಸುತ್ತಿ ಬರುತ್ತದೆ. ದೂರದ ತಗ್ಗು ಸ್ವರಗಳು ಹತ್ತಿರದಲ್ಲೇ ಸಿಗುತ್ತವೆ, ಕೈ ಚಾಚಬೇಕಿಲ್ಲ. ಎಂಥ ಬುದ್ಧಿ! ಕೈ ಹೋಗದಿದ್ದರೆ ದಾರಿಯನ್ನೇ ಉದ್ದ ಮಾಡಿದ್ದಾರೆ. ನಾನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡುತ್ತಿದ್ದೆ, ಕೊನೆಗೆ ಕಿತ್ತುಕೊಂಡರು. "ನಿಮ್ಮ ಅಕ್ಕನಿಗೆ ನಾನು ಇದನ್ನ ಆಗಲೇ ತೋರಿಸಿದ್ದೆ. ಸೋಮಾರಿಗಳ ಟ್ರೊಂಬೋನ್ ಅಂತ ನಕ್ಕರು. ನಗು ಮುಗಿದ ಮೇಲೂ ಹತ್ತು ನಿಮಿಷ ಕೈಯಲ್ಲೇ ಹಿಡ್ಕೊಂಡಿದ್ರು" ಎಂದರು. ಇದನ್ನು ನಾನು ಸುಮ್ಮನೆ ತಿಳಿಸುತ್ತಿದ್ದೇನೆ. ಒತ್ತಾಯವಿಲ್ಲ.

ನಿನ್ನದು ಈಗ ಹೇಗಿದೆ ಎಂದರೆ, ಸಂಜೆ ಕಾಫಿಗೆ ಮೊದಲು ಹತ್ತು ನಿಮಿಷ ಅದರ ಸೇವೆ. ಒರೆಸಿ, ಕಾಲುಚೀಲಕ್ಕೆ ಸಾಸಿವೆ ಕಾಳಿನಷ್ಟು ಹಚ್ಚಿ, ಚಿಸ್ ಎನಿಸಿ, ನೆಟ್ಟಗೆ ಹಿಡಿದು ಬಿಡುತ್ತೇನೆ. ತನ್ನ ಭಾರಕ್ಕೆ ತಾನೇ, ಸದ್ದಿಲ್ಲದೆ, ಕೆಳಗೆ ಹಿಡಿದ ನನ್ನ ಅಂಗೈಗೆ ಇಳಿಯುತ್ತದೆ. ಒಳ್ಳೆಯ ಲಿಫ್ಟು ನೆಲಮಹಡಿಗೆ ಬರುವುದೂ ಹಾಗೇ, ನಿಂತದ್ದು ಗೊತ್ತಾಗಬಾರದು. ಒಂದು ದಿನ ಧೈರ್ಯ ಮಾಡಿ ಊದಿಯೂ ನೋಡಿದೆ. ಪಕ್ಕದ ಮನೆಯವರು ಬಂದು ನಿಮ್ಮ ಫ್ರಿಜ್ಜು ಕೆಟ್ಟಿದೆಯೇ ಎಂದು ವಿಚಾರಿಸಿದರು. ಇನ್ನು ಊದುವುದಿಲ್ಲ. ಬ್ಯಾಂಡ್ ಮಾಸ್ಟರು ಮೊನ್ನೆ ಮೂರನೇ ಸಲ ಫೋನು ಮಾಡಿದಾಗ, ಎರಡು ವಾರದ ಹಿಂದೆಯೇ ತೊಳೆದೆ, ಇನ್ನೂ ಒಣಗಿಲ್ಲ ಎಂದೆ. "ಎರಡು ವಾರದಿಂದ ಒಣಗ್ತಾ ಇದೆಯಾ?" ಎಂದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನೀನು ಹೇಳುತ್ತಿದ್ದದ್ದು ನಿಜ. ನೀನು ಕೊಡು ಎಂದರೆ ಕೊಡುತ್ತೇನೆ, ಒಂದು ಮಾತೂ ಆಡದೆ. ಆದರೆ ಈ ಸಲ ಬಸ್ಸಿನ ಕಿಟಕಿಯಿಂದ ಹೇಳಬೇಡ. ಕೂತು ಯೋಚಿಸಿ ಬರೆದು ಹೇಳು. ಭುಜವನ್ನು ಯಾರಿಗಾದರೂ ತೋರಿಸಿದ್ದೀಯಾ ಅದನ್ನೂ ಬರೆ; ಮಗಳಿಗೆ ಗೊತ್ತಿಲ್ಲವಾದರೆ ಅವಳಿಗೆ ಮೊದಲು ಹೇಳು, ಮಗುವನ್ನು ಎತ್ತಿಕೊಂಡಾಗ ಕೈ ಸೋತರೆ ಕಷ್ಟ.

ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುದ್ದು. ಮಗಳಿಗೂ ಅಳಿಯನಿಗೂ ಆಶೀರ್ವಾದ. ಇವಳು ನಿನಗೆ ನಮಸ್ಕಾರ ಹೇಳುತ್ತಿದ್ದಾಳೆ, ಜೊತೆಗೆ ನಿನ್ನ ಕೋಣೆಯ ಕಿಟಕಿ ದಿನಾ ತೆಗೆಯುತ್ತಿದ್ದೇನೆ ಎಂದು ಬರೆಯಲು ಹೇಳಿದಳು. ನಿನ್ನ ಕಾಲಿಗೆ ನನ್ನ ನಮಸ್ಕಾರ. ಬೈಯುವುದಿದ್ದರೆ ಅರ್ಧ ಈಗ ಬೈದು ಅರ್ಧ ಬಂದ ಮೇಲೆ ಇಟ್ಟುಕೋ.

ನಿನ್ನ ತಮ್ಮ,
ಯಾಕಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಬಾಗಿಲು ಬಡಿದ ಸದ್ದಾಯಿತು. ಬ್ಯಾಂಡ್ ಮಾಸ್ಟರೇ ಬಂದಿದ್ದಾರೆ. ಪೆಟ್ಟಿಗೆ ತಂದು ಮುಂದಿಟ್ಟರೆ ಮುಟ್ಟಲೂ ಇಲ್ಲ. ಕೂತು ನೀರು ಕುಡಿದು, "ಅವರ ಭುಜ ಈಗ ಹೇಗಿದೆ?" ಎಂದು ಕೇಳಿದರು. ನಾನು ಬಾಯಿ ಬಿಟ್ಟಿಲ್ಲ, ಆಣೆ! ಅವರಿಗೆ ಎರಡು ವರ್ಷದಿಂದ ಗೊತ್ತಂತೆ. ನಿನ್ನ ತಗ್ಗು ಸ್ವರಗಳು ತಪ್ಪಲು ಶುರುವಾದಾಗ, ಹಾಳೆಯಲ್ಲಿ ಅವನ್ನು ಅಳಿಸಿ ತಗ್ಗು ಸ್ವರದ ದೊಡ್ಡ ಕಹಳೆ ಟ್ಯೂಬಾ ಊದುವವರಿಗೆ ಬರೆದುಕೊಟ್ಟು, ಹೊಸ ಏರ್ಪಾಡು ಎಂದು ಎಲ್ಲರಿಗೂ ಹೇಳಿದರಂತೆ. ಟ್ಯೂಬಾದವರಿಗೂ ಗೊತ್ತು. ನಿನ್ನ ಸಾಲಿಗೆಲ್ಲ ಗೊತ್ತು. ನಿನಗೆ ನೋವಾಗಬಾರದೆಂದು ಒಬ್ಬರೂ ಉಸಿರೆತ್ತಿಲ್ಲ. ನಿನ್ನ ಜಾಗಕ್ಕೆ ಬೇರೆ ಯಾರೂ ಬಂದಿಲ್ಲ, ಬರುವವರೂ ಇಲ್ಲ. ಹಾಗಾದರೆ ಮೂರು ಸಲ ಫೋನು ಮಾಡಿ ಟ್ರೊಂಬೋನ್ ಕೇಳಿದ್ದು ಯಾಕೆ ಎಂದೆ. ಕಿವಿ ಕೆಂಪು ಮಾಡಿಕೊಂಡು ಹೇಳಿದರು: "ಕೇಳ್ತಾನೇ ಇದ್ರೆ, ಕೊಡೋದಕ್ಕಾದ್ರೂ ಅವರೇ ಬರ್ತಾರೇನೋ ಅಂತ." ತಾಲೀಮು ಬುಧವಾರ ಸಂಜೆ ಐದಕ್ಕೆ, ಠಾಣೆಯ ಮೇಲಿನ ಹಾಲಿನಲ್ಲೇ. ಯಾವ ಬುಧವಾರ ಎಂದು ಬರೆ. ನಾನು ಬಸ್ ನಿಲ್ದಾಣಕ್ಕೆ ಬರುತ್ತೇನೆ. ಈ ಕಾಗದವನ್ನು ತಾನೇ ಅಂಚೆಗೆ ಹಾಕುತ್ತೇನೆಂದು ಅವರು ಕೈ ಚಾಚಿ ನಿಂತಿದ್ದಾರೆ, ಒಳಗೆ ಏನು ಬರೆದಿದೆ ಎಂದು ಒಂದು ಸಲವೂ ಕೇಳಲಿಲ್ಲ.